ಬಾಗಿಲಿಂದ ತಿರುಗಿ ಹೋದ ಕಾಕಾ

ಸರ್ಕಾರದ ಪ್ರಕಾರ ನನ್ನ ಕಾಕು ಐವತ್ತಕ್ಕೂ ಮಿಕ್ಕಿದ ವರ್ಷಗಳಿಂದ ವಿಧವೆ. ನಮ್ಮ ಅಜ್ಜನ ಪ್ರಕಾರ ಅಷ್ಟೇ ವರ್ಷಗಳಿಂದ ಮುತ್ತೈದೆ. ಪರಸ್ಪರ ವಿರುದ್ಧವಾದ ಈ ಎರಡು ಆದೇಶಗಳು ಏಕಕಾಲಕ್ಕೆ ಜಾರಿಯಲ್ಲಿದ್ದವು; ಯಾವುದನ್ನೂ ಯಾರೂ ರದ್ದು ಮಾಡಿರಲಿಲ್ಲ. ಹೀಗಾಗಿ ಕಾಕು ಪ್ರತಿ ನವೆಂಬರಿನಲ್ಲಿ ಹಣೆಗೆ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ ತೊಟ್ಟು ಬ್ಯಾಂಕಿಗೆ ಹೋಗಿ, ಸೈನಿಕನ ವಿಧವೆಯಾದ ತಾನು ಇನ್ನೂ ಬದುಕಿದ್ದೇನೆಂದು ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು. ಕೌಂಟರಿನವರು ಒಮ್ಮೆ ಕಾಗದ, ಒಮ್ಮೆ ಹಣೆ ನೋಡಿ ಮೊಹರು ಒತ್ತುತ್ತಿದ್ದರು. ಬ್ಯಾಂಕಿನ ಫಾರಮ್ಮಿನಲ್ಲಿ ಕುಂಕುಮಕ್ಕೆ ಕಾಲಂ ಇಲ್ಲ.

ಕಾಕಾ ಎಂದರೆ ನಮ್ಮ ತಂದೆಯ ತಮ್ಮ, ಕಾಕು ಅವರ ಹೆಂಡತಿ. ಬೀದರ್ ಜಿಲ್ಲೆಯ ನಮ್ಮ ಊರಿನಿಂದ ಹೋಗಿ ತೋಪುದಳ ಸೇರಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ತೀರಿಕೊಂಡರೆಂದು ತಂತಿ ಬಂತು. ತಂತಿಯ ಬೆನ್ನಿಗೆ ಒಬ್ಬ ಸಿಪಾಯಿ ಅಸ್ಥಿಯ ಗಡಿಗೆ ಹಿಡಿದುಕೊಂಡು ಬಂದ. ನಾವು ಲಿಂಗಾಯತರು. ಸತ್ತವರನ್ನು, ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು, ಕೂರಿಸಿ ಹೂಳುವವರು, ಸುಡುವವರಲ್ಲ. ಅಜ್ಜ ಬಾಗಿಲಲ್ಲಿ ನಿಂತು, “ಸುಟ್ಟಾರಂದ್ರ ಇಂವ ನಮ್ಮ ಹುಡುಗ ಅಲ್ಲ” ಎಂದು ಗಡಿಗೆಯನ್ನು ಬಂದ ದಾರಿಗೇ ಹಿಂದಕ್ಕೆ ಕಳಿಸಿದ. ಹುಡುಗ ಅವನಲ್ಲ ಎಂದ ಮೇಲೆ ಸೂತಕವಿಲ್ಲ. ಸೂತಕವಿಲ್ಲ ಎಂದ ಮೇಲೆ ಸೊಸೆ ಮುತ್ತೈದೆ. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ನನಗಾಗ ಆರು ವರ್ಷ. ಆ ದಿನ ನನ್ನನ್ನು ನೆರೆಮನೆಗೆ ಕಳಿಸಿದ್ದರು, ಅಷ್ಟೇ ನೆನಪು.

ಮುಂದೆ ಕಾಕುವಿನ ಅಣ್ಣ, ಆಗಿನ್ನೂ ಔರಂಗಾಬಾದ್ ಎನ್ನಿಸಿಕೊಳ್ಳುತ್ತಿದ್ದ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ತಂಗಿಯನ್ನೂ ಅವಳ ಮಗಳನ್ನೂ ಕರೆದುಕೊಂಡು ಹೋದರು. ಊರಿನ ಹೆಸರು ಛತ್ರಪತಿ ಸಂಭಾಜಿನಗರ ಎಂದಾಯಿತು. ಕಾಕುವಿನ ಸ್ಥಿತಿ ಮಾತ್ರ ಬದಲಾಗಲಿಲ್ಲ.

ಹೋದ ವರ್ಷ ನನ್ನ ಈ ಕಾಕಾನ ಮಗಳು, ನನಗೆ ತಂಗಿ, ತಾಯಿಯ ವಿಷಯಕ್ಕೆ ಫೋನು ಮಾಡಿದಳು. ನಾನು ನಾಸಿಕದಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯ ದಾಖಲೆ ವಿಭಾಗದಲ್ಲಿದ್ದೆ. ನಿವೃತ್ತಿಗೆ ಏಳು ತಿಂಗಳಿತ್ತು.

“ದಾದಾ, ಆಯಿಗೆ ಹಾರ್ಟಿಂದು ವಾಲ್ವ್ ಛೋಟಾ ಆಗ್ಯಾದಂತ. ಆಪರೇಶನ್ ಮಾಡಬೇಕಂತ. ಆಯಿ ನಕೋಚ್, ಬ್ಯಾಡಂದ್ರ ಬ್ಯಾಡ ಅಂತಾಳ. ನೀವು ಬಂದು ಜರಾ ಸಮಜಾವಿಸ್ರಿ.”

ಹೋದೆ. ಕಾಕು ಮಂಚದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು.

“ಬಂದ್ರೇನ್ರಿ ಸಾಹೇಬ್ರ? ಡಾಕ್ಟರ್ ಕಳಿಸ್ಯಾನೋ, ಮಗಳು ಕಳಿಸ್ಯಾಳೋ?”

“ಇಬ್ಬರೂ ಕಳಿಸ್ಯಾರ್ರಿ ಕಾಕು.”

“ಇಬ್ಬರಿಗೂ ಹೇಳು. ನನಗ ಸಾಯ್ಲಿಕ್ಕ ಅಂಜಿಕಿ ಇಲ್ಲ. ಸತ್ತ ಮ್ಯಾಲ ನೀವು ಮಂದಿ ಜಗಳಾಡ್ತೀರಿ, ಅದರದ ಅಂಜಿಕಿ.”

“ಯಾತರ ಜಗಳರಿ?”

“ನನಗ ಹಸರ ಸೀರಿ ಉಡಸಿ, ಬಳಿ ಇಡಸಿ, ಉಡಿ ತುಂಬಿ ಒಯ್ಯಬೇಕೋ, ಇಲ್ಲಾ ಬಿಳೇ ಬಟ್ಟಿ ಹೊಚ್ಚಿ ಒಯ್ಯಬೇಕೋ? ಮುತ್ತೈದಿ ಹೆಣಾನೋ, ಮುಂಡಿ ಹೆಣಾನೋ?”

“ಆಯಿ! ಕಾಯ್ ಬೋಲ್ತೇಸ್!” ಏನು ಮಾತಿದು ಎಂದು ತಂಗಿ ಅಡುಗೆಮನೆಯಿಂದ ಕೂಗಿದಳು.

“ನೀ ಸುಮ್ಮ ಕೂಡು. ನೀನ ಜಗಳಾಡೋ ಮೊದಲನೇದಾಕಿ.” ನನ್ನ ಕಡೆ ತಿರುಗಿದರು. “ನಿಮ್ಮ ಅಜ್ಜ ಹೇಳಿದ್ದು ಖರೇನೋ, ಸರಕಾರ ಹೇಳಿದ್ದು ಖರೇನೋ? ಆ ಗಡಿಗ್ಯಾಗ ಇದ್ದಾಂವ ಯಾರು, ಆಮ್ಯಾಲ ಎಲ್ಲಿ ಹೋದ? ಖಾತ್ರಿ ಮಾಡ್ಕೊಂಡು ಬಾ. ಮೂವತ್ತು ವರ್ಷ ಮಂದಿ ಕಾಗದ ಹುಡುಕೀದಿ, ಈಗ ನಂದೊಂದು ಹುಡುಕು. ಅಲ್ಲಿತನಕ ನಾ ಆಸ್ಪತ್ರಿ ಕಾಗದಕ್ಕ ಹೆಬ್ಬಟ್ಟು ಒತ್ತಂಗಿಲ್ಲ.”

ನನ್ನ ಸೇವಾವಧಿಯಲ್ಲಿ ಇಷ್ಟು ಸ್ಪಷ್ಟವಾದ ಕಾರ್ಯಾದೇಶ ನನಗೆ ಯಾವ ಮೇಲಧಿಕಾರಿಯಿಂದಲೂ ಬಂದಿರಲಿಲ್ಲ.

ಕಾಕಾನ ಸೈನ್ಯದ ನಂಬರು ಪಿಂಚಣಿ ಪತ್ರದ ಮೇಲೇ ಇತ್ತು. ತೋಪುದಳದವರ ದಾಖಲೆಗಳಿರುವ ಕಚೇರಿ ಇರುವುದು ನಾಸಿಕದಲ್ಲೇ. ಎಂಟು ವರ್ಷ ಅದರ ಗೇಟಿನ ಮುಂದೆಯೇ ಬಸ್ಸಿನಲ್ಲಿ ಹೋಗಿ ಬಂದಿದ್ದೆ. ಒಳಗೆ ಕಾಕಾ ಇದ್ದಾರೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಒಂದು ರವಿವಾರ ಕುಳಿತು ಅರ್ಜಿ ಸಿದ್ಧಪಡಿಸಿದೆ. ನಾಲ್ಕು ಪುಟ, ಹನ್ನೊಂದು ಲಗತ್ತು, ಪ್ರತಿ ಹಾಳೆಯ ಬಲಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಕ್ರಮಸಂಖ್ಯೆ. ಸಂಖ್ಯೆ ಇಲ್ಲದ ಹಾಳೆ ನನ್ನ ಕೈಯಿಂದ ಎಂದೂ ಹೊರಗೆ ಹೋದದ್ದಿಲ್ಲ; ಮನೆಯ ಕಿರಾಣಿ ಚೀಟಿಗೂ ನಾನು ಸಂಖ್ಯೆ ಹಾಕುತ್ತೇನೆಂದು ನನ್ನ ಹೆಂಡತಿ ಬೀಗರ ಮುಂದೆ ಹೇಳಿ ನಗುವುದುಂಟು. ಗೇಟಿನಲ್ಲಿ ಮೊಬೈಲು ಒಪ್ಪಿಸಿ, ಪಾಸು ಮಾಡಿಸಿ, ಬೆಂಚಿನ ಮೇಲೆ ಎರಡು ತಾಸು ಕಾದು, ಕೌಂಟರಿನ ಹವಾಲ್ದಾರನ ಮುಂದೆ ನನ್ನ ಕೃತಿಯನ್ನಿಟ್ಟೆ. ನಲವತ್ತರ ಆಸುಪಾಸಿನ ಹರಿಯಾಣದವನು. ಎಲ್ಲ ಪುಟ ತಿರುವಿ ಹಿಂದಿಯಲ್ಲಿ ಕೇಳಿದ: “ಸರ್, ‘ಸಂಬಂಧಪಟ್ಟ ಎಲ್ಲ ದಾಖಲೆಗಳು’ ಅಂತ ಬರೆದಿದ್ದೀರಿ. ಎಲ್ಲ ಅಂದರೆ ಯಾವುದು?”

“ಎಲ್ಲ ಅಂದರೆ ಎಲ್ಲ.”

“ನೀವೂ ದಾಖಲೆ ವಿಭಾಗದವರು ಅಂತ ಇಲ್ಲಿದೆ. ನಿಮ್ಮ ಹತ್ತಿರ ಯಾರಾದರೂ ಬಂದು ಎಲ್ಲ ಕೊಡಿ ಅಂದರೆ ಏನು ಕೊಡುತ್ತೀರಿ?”

ಪ್ರಾಮಾಣಿಕವಾಗಿ ಹೇಳಿದೆ: “ಏನೂ ಕೊಡುವುದಿಲ್ಲ.”

“ಬಸ್,” ಎಂದು ಅರ್ಜಿಯನ್ನು ನನ್ನ ಕಡೆಗೆ ಸರಿಸಿದ. ನಾನು ಏಳುವಾಗ ಇನ್ನೊಂದು ಮಾತು ಸೇರಿಸಿದ: ಅರ್ಜಿದಾರ ಅಣ್ಣನ ಮಗನಾದರೆ ನಡೆಯುವುದಿಲ್ಲ, ಹೆಂಡತಿಯೇ ಆಗಬೇಕು. ಮತ್ತೆ ಸಂಭಾಜಿನಗರ, ಮತ್ತೆ ಕಾಕು, ಮತ್ತೆ ಹೆಬ್ಬೆಟ್ಟು. ಒತ್ತುವ ಮೊದಲು ಕಾಕು ಅರ್ಜಿಯನ್ನು ಎರಡು ಸಲ ಓದಿಸಿದರು. ಓದು ಬಾರದವರು ಇಷ್ಟು ಎಚ್ಚರದಿಂದ ಹೆಬ್ಬೆಟ್ಟು ಒತ್ತುವುದನ್ನು ನಾನು ನೋಡಿರಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ.

ಒಂದು ತಿಂಗಳ ಮೇಲೆ ಒಂದೇ ಪುಟದ ಉತ್ತರ ಬಂತು. ಹೆಸರು, ನಂಬರು, ಸೇರಿದ ದಿನ, ಯುದ್ಧದಲ್ಲಿ ಮೃತ, ಶತ್ರುವಿನ ಶೆಲ್ ದಾಳಿಯಲ್ಲಿ. ಓದಿ ಹೇಳಿದೆ.

“ಇದನ್ನ ಸರಕಾರ ಐವತ್ತು ವರ್ಷದಿಂದ ಹೇಳ್ಲಿಕತ್ತದ,” ಎಂದರು ಕಾಕು. “ನಾ ಕೇಳಿದ್ದು ಗಡಿಗಿದು.”

ಸರಿಯಾದ ಮಾತು. ನಾನು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿರಲಿಲ್ಲ. ಕಾಗದದವನಂತೆ ಯೋಚಿಸಿದೆ. ಸೈನ್ಯ ಒಬ್ಬ ಸಿಪಾಯಿಯನ್ನು ಸುಮ್ಮನೆ ಎಲ್ಲಿಗೂ ಕಳಿಸುವುದಿಲ್ಲ. ಹೋಗುವಾಗ ಒಂದು ಹುಕುಂ ಇರುತ್ತದೆ, ಬಂದ ಮೇಲೆ ಒಂದು ವರದಿ. ಗಡಿಗೆ ತಲುಪಿಸಿದರೆ ರಸೀದಿ, ತಲುಪಿಸದಿದ್ದರೆ ಕಾರಣ. ಎರಡನೆಯ ಅರ್ಜಿ ಎರಡೇ ಸಾಲಿನದು: ಅಸ್ಥಿಯನ್ನು ಒಯ್ದ ಸಿಪಾಯಿಯ ಹುಕುಂ ಮತ್ತು ಅವನ ವರದಿ.

ಹವಾಲ್ದಾರ ಈ ಸಲ ತಲೆಯಾಡಿಸಿದ. “ಇದು ಅರ್ಜಿ. ಆದರೆ ಸರ್, ಇಷ್ಟು ಹಳೆಯ ಫೈಲುಗಳನ್ನು ಅವಧಿ ಮುಗಿದ ಮೇಲೆ ಸುಟ್ಟುಬಿಡುತ್ತಾರೆ. ನಿಮ್ಮದು ಉಳಿದಿದ್ದರೆ ಒಂದೇ ಕಾರಣಕ್ಕೆ. ಪಿಂಚಣಿ ಇನ್ನೂ ನಡೆಯುತ್ತಿದೆ. ಆಕೆ ಇದ್ದಾರೆ, ಅದಕ್ಕೇ ಫೈಲು ಇದೆ.”

ಮೂರು ವಾರದ ಮೇಲೆ ಅವನೇ ಫೋನು ಮಾಡಿದ.

“ಸರ್, ಸಿಕ್ಕಿದೆ. ಆದರೆ ಒಂದು ಹಾಳೆ ಯಾವ ಭಾಷೆಯದೋ ಗೊತ್ತಾಗುತ್ತಿಲ್ಲ. ತಮಿಳಿನವನಿಗೆ ತೋರಿಸಿದೆ, ನಮ್ಮದಲ್ಲ ಅಂದ. ತೆಲುಗಿನವನಿಗೆ ತೋರಿಸಿದೆ, ಅಕ್ಷರ ನಮ್ಮ ಹಾಗೇ ಇವೆ, ಮಾತು ನಮ್ಮದಲ್ಲ ಅಂದ. ನಿಮ್ಮದಾ ಬಂದು ನೋಡಿ.”

ನಮ್ಮದೇ ಆಗಿತ್ತು. ಕಂದು ಬಣ್ಣಕ್ಕೆ ತಿರುಗಿದ ಗೆರೆ ಹಾಳೆ. ಮೇಲೆ ‘ಶ್ರೀ ಗುರುಬಸವಲಿಂಗಾಯ ನಮಃ’. ಅದನ್ನು ಓದುವ ಮೊದಲೇ ಬರಹದ ಗುರುತು ಹತ್ತಿತು. ಆ ಕೈಯೇ ನನಗೆ ಅಕ್ಷರ ತಿದ್ದಿಸಿದ್ದು. ನನ್ನ ತಂದೆ ‘ಳ’ದ ಬಾಲವನ್ನು ಕೆಳಗಿನ ಸಾಲಿಗೆ ತಾಗುವವರೆಗೆ ಎಳೆಯುತ್ತಿದ್ದರು. ಕೆಳಗೆ ಹೀಗಿತ್ತು:

‘ತಾವು ತಂದ ಅಸ್ಥಿಯು ನಮ್ಮ ಹುಡುಗನದಲ್ಲ. ನಮ್ಮಲ್ಲಿ ಹೂಳುವ ರೂಢಿ ಇರುತ್ತದೆ, ಸುಡುವ ರೂಢಿ ಇರುವುದಿಲ್ಲ. ಕೊರಳಿನ ಲಿಂಗವೂ ಬಂದಿರುವುದಿಲ್ಲ. ಆದ ಕಾರಣ ಸ್ವೀಕರಿಸಿರುವುದಿಲ್ಲ. ತಾವು ದೂರದಿಂದ ಬಂದಿರುತ್ತೀರಿ, ಊಟ ಮಾಡಿಕೊಂಡು ಹೋಗಬೇಕು.’

ಅದರ ಕೆಳಗೆ ಒಂದು ಸಣ್ಣ ಹೆಬ್ಬೆಟ್ಟಿನ ಗುರುತು. ಪಕ್ಕದಲ್ಲಿ ತಂದೆಯ ಕೈಬರಹದಲ್ಲೇ, ‘ಹೆಂಡತಿಯ ಎಡಗೈ ಹೆಬ್ಬೆಟ್ಟು’. ಅಂಚಿನಲ್ಲಿ ಯಾವನೋ ಅಧಿಕಾರಿ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಗೀಚಿದ್ದ: ಪ್ರಾಂತೀಯ ಭಾಷೆ, ಅನುವಾದ ಮಾಡಿಸುವುದು. ಐವತ್ತು ವರ್ಷದಿಂದ ಆ ಕೆಲಸ ಬಾಕಿ ಇತ್ತು. ಹವಾಲ್ದಾರನಿಗೆ ಹಿಂದಿಯಲ್ಲಿ ಅರ್ಥ ಹೇಳಿ ನಾನೇ ಪೂರೈಸಿದೆ. ಬರೆದವನ ಮಗನೇ ಮೊದಲ ಓದುಗ.

ಹವಾಲ್ದಾರ ಕೇಳಿದ: “ಊಟ ಮಾಡಿದನೋ ಅವನು?”

“ಅದು ಫೈಲಿನಲ್ಲಿಲ್ಲ,” ಎಂದೆ.

ಒಟ್ಟು ಒಂಬತ್ತು ಹಾಳೆಯ ನಕಲು ಕೊಟ್ಟರು. ಕನ್ನಡದ ಹಾಳೆ ಏಳನೆಯದು. ಎಂಟನೆಯದು ಸಿಪಾಯಿಯ ವರದಿ: ಮನೆಯವರು ಅಸ್ಥಿಯನ್ನು ಸ್ವೀಕರಿಸಲಿಲ್ಲ, ಮೇಲಿನವರ ಅನುಮತಿ ಪಡೆದು ನಾಸಿಕದಲ್ಲಿ ಗೋದಾವರಿಗೆ ಬಿಡಲಾಯಿತು. ಕೆಳಗೆ ಅವನ ಹೆಸರು, ನಂಬರು, ಊರು. ಊರು ನಿಫಾಡ್ ತಾಲೂಕಿನದು. ಗೋದಾವರಿ ನನ್ನ ಮನೆಯಿಂದ ಆಟೋದ ದೂರದಲ್ಲಿದೆ. ಊರಿನಿಂದ ಬಂದ ಎಷ್ಟೋ ನೆಂಟರನ್ನು ರಾಮಕುಂಡಕ್ಕೆ ಕರೆದೊಯ್ದು, ಬೇರೆಯವರ ಅಸ್ಥಿಯ ಗಡಿಗೆಗಳ ನಡುವೆ ದಾರಿ ಮಾಡಿಕೊಂಡು, ಜಾಗ ತೋರಿಸಿ ಬಂದವನು ನಾನು.

ಕೆಂಪು ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ಮರುದಿನ ಬೆಳಿಗ್ಗೆ ಸಂಭಾಜಿನಗರದ ಬಸ್ಸು ಹತ್ತಿದೆ. ನಾಲ್ಕು ತಾಸಿನ ದಾರಿಯಲ್ಲಿ ಆ ಹೆಬ್ಬೆಟ್ಟನ್ನು ಎಷ್ಟು ಸಲ ನೋಡಿದೆನೋ. ಆಗ ಕಾಕುಗೆ ಹತ್ತೊಂಬತ್ತೋ ಇಪ್ಪತ್ತೋ. ಏನೆಂದು ಹೇಳಿ ಒತ್ತಿಸಿದ್ದರು? ಪಿಂಚಣಿ ಕಾಗದವೆಂದೇ? ಗಂಡನನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿದ ಆದೇಶಕ್ಕೆ ಹೆಂಡತಿಯದೇ ಮುದ್ರೆ, ನನ್ನ ತಂದೆಯದೇ ಒಕ್ಕಣೆ. ಉಳಿದ ಎಂಟು ಹಾಳೆಗಳು ಕಾಕು ಕೇಳಿದ ಎರಡೂ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವು. ಈ ಒಂದು ಹಾಳೆ ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗಿತ್ತು. ಕ್ಷೀಣ ಹೃದಯದ ಎದುರು ಅದನ್ನು ಓದುವುದು ಎಷ್ಟು ಸರಿ? ಯೇವಲೆ ದಾಟಿದ ಮೇಲೆ ಏಳನೆಯ ಹಾಳೆಯನ್ನು ತೆಗೆದು, ಮಡಚಿ, ಅಂಗಿಯ ಜೇಬಿಗೆ ಸೇರಿಸಿದೆ. ಮೂವತ್ತು ವರ್ಷದ ಸೇವೆಯಲ್ಲಿ ಫೈಲಿನಿಂದ ಒಂದು ಹಾಳೆಯನ್ನು ಕಿತ್ತದ್ದು ಅದೇ ಮೊದಲು. ಅದೂ ಸ್ವಂತ ಮನೆಯ ಫೈಲಿನಿಂದ.

ಕಾಕುವಿನ ಮಂಚದ ಮೇಲೆ ಹಾಳೆಗಳನ್ನು ಒಂದೊಂದಾಗಿ ಇಟ್ಟು ಓದಿ ಹೇಳಿದೆ. ತಂಗಿ ಬಾಗಿಲಿಗೆ ಆತು ನಿಂತಿದ್ದಳು. ತೋಪಿನ ನಂಬರು, ಶೆಲ್ ಬಿದ್ದ ಹೊತ್ತು, ಜೊತೆಗೆ ಸತ್ತ ಇನ್ನಿಬ್ಬರು, ಅಸ್ಥಿ ಒಯ್ದ ಸಿಪಾಯಿ, ಗೋದಾವರಿ. ಕಾಕು ಕೇಳಿಸಿಕೊಂಡು, ಹಾಳೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಓದು ಬಾರದಿದ್ದರೂ ಕಾಕುಗೆ ಅಂಕಿ ಬರುತ್ತದೆ. ಸಿಟಿ ಬಸ್ಸಿನ ನಂಬರು ನೋಡಿ ಊರೆಲ್ಲ ತಿರುಗಿದವರು.

“ಯಾಕೋ ತಮ್ಮಾ, ನಿಮ್ಮ ಆಫೀಸ್ನಾಗ ಆರರ ಮ್ಯಾಲ ಎಂಟು ಬರ್ತದೇನು?”

“ಅದು... ಸಂಖ್ಯಿ ಹಾಕೋದ್ರಾಗ ತಪ್ಪಾಗಿರಬೇಕ್ರಿ.”

“ನೀನ ತಪ್ಪು ಹಾಕ್ತೀ? ಕಿರಾಣಿ ಚೀಟಿಗೂ ನಂಬರ್ ಹಾಕಾಂವ?” ಕೈ ಚಾಚಿದರು. “ತಗಿ.”

ತೆಗೆದೆ. ಓದು ಎಂದರು, ಓದಿದೆ. ಊಟ ಮಾಡಿಕೊಂಡು ಹೋಗಬೇಕು ಎಂಬ ಸಾಲಿನವರೆಗೂ ಓದಿದೆ. ಕಾಕು ಹೆಬ್ಬೆಟ್ಟಿನ ಗುರುತಿನ ಮೇಲೆ ತಮ್ಮ ಎಡಗೈ ಹೆಬ್ಬೆಟ್ಟನ್ನು ಇಟ್ಟು ನೋಡಿದರು. ಈಗಿನದು ದೊಡ್ಡದಾಗಿತ್ತು.

“ಹದಿಮೂರು ದಿನದ ಬಾಣಂತಿ ಇದ್ದೆ,” ಎಂದರು. “ಕತ್ತಲಿ ಕ್ವಾಣ್ಯಾಗ. ಇದು ಮಗ್ಗಲದಾಗ ಚೀರ್ಲಿಕತ್ತಿತ್ತು. ನಿಮ್ಮಪ್ಪ ಒಳಗ ಬಂದು, ‘ತಂಗೀ, ಹೆಬ್ಬಟ್ಟು ಒತ್ತವಾ’ ಅಂದ್ರು. ಯಾತರದು ಅಂತ ಕೇಳ್ದೆ. ಅವರು ಮಾತಾಡ್ಲಿಲ್ಲ. ನಿಮ್ಮ ಅಜ್ಜ ಹೊಚ್ಚಲಿನ್ಯಾಗ ನಿಂತು, ‘ತಂತಿ ಸುಳ್ಳದ, ಬ್ಯಾರೇ ಯಾಂವಂದೋ ತಂದಾರ, ನೀ ಕೂಸಿಗೆ ಹಾಲು ಕುಡಸು’ ಅಂದ. ನಾ ಒತ್ತಿದೆ.”

“ನಿಮಗ ಗೊತ್ತಿತ್ತೇನ್ರಿ?”

“ಏನು ಗೊತ್ತು, ಏನು ಗೊತ್ತಿಲ್ಲ? ಬಾಣಂತಿಗೆ ಹೇಳಿದ್ರ ಹಾಲು ಬತ್ತತದ, ಕೂಸು ಉಳಿಯಂಗಿಲ್ಲ. ಅದಕ್ಕ ಅವತ್ತ ಹೇಳ್ಲಿಲ್ಲ. ಆಮ್ಯಾಲ ನಾಳಿ ಹೇಳೋಣ, ನಾಡಿದ್ದು ಹೇಳೋಣ ಅಂದಿರಬೇಕು. ಇದು ಹಾಲು ಬಿಡ್ತು, ನಡೀಲಿಕ್ಕ ಹತ್ತಿತು, ಸಾಳಿಗೆ ಹೋತು. ಹೇಳೋ ದಿನಾ ಬರ್ಲಿಲ್ಲ. ನಿಮ್ಮ ಅಜ್ಜ ಸಾಯೋ ಮುಂದ ನನ್ನ ಮಾರಿ ನೋಡಿ ಬಾಯಿ ತಗದ. ಮತ್ತ ಮುಚ್ಚಿದ.”

‘ಇದು’ ಎಂದರೆ ಬಾಗಿಲಲ್ಲಿ ನಿಂತ ನನ್ನ ತಂಗಿ. ಅವಳು ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ.

ಕಚೇರಿಯಲ್ಲಿ ಒಂದು ಮಾತಿದೆ: ತಾತ್ಕಾಲಿಕ ಆದೇಶದಷ್ಟು ಶಾಶ್ವತವಾದದ್ದು ಇನ್ನೊಂದಿಲ್ಲ. ಹೊಸ ಬಾಬುಗಳನ್ನು ನಗಿಸಲು ನಾನೇ ಅದನ್ನು ಎಷ್ಟೋ ಸಲ ಹೇಳಿದ್ದೇನೆ. ಆ ದಿನದ ಮೇಲೆ ಹೇಳಿಲ್ಲ.

“ಈಗರ ಖಾತ್ರಿ ಆತಲ್ಲರಿ ಕಾಕು,” ಎಂದೆ. “ಕಾಗದ ಎಲ್ಲಾ ಹೇಳ್ತದ.”

“ಕಾಗದ!” ಏಳನೆಯ ಹಾಳೆಯನ್ನು ನನ್ನ ಮುಂದೆ ಹಿಡಿದರು. “ಇದೂ ಕಾಗದನ ಅದ. ನನ್ನ ಹೆಬ್ಬಟ್ಟೂ ಅದ. ಇದ್ರಾಗ ಬರದದ್ದು ಖರೇನು? ಮತ್ತ ಅದ್ರಾಗಿಂದು ಹ್ಯಾಂಗ ಖರೇ ಅಂತ ನಂಬ್ಲಿ? ಆ ಸಿಪಾಯಿ ಇದ್ದಾನೇನು ನೋಡು.”

ದಾಖಲೆ ವಿಭಾಗಕ್ಕೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬಂದದ್ದನ್ನು ನಾನು ಕಾಣೆ. ಅವನ ಊರಿನ ಗ್ರಾಮಪಂಚಾಯಿತಿಗೆ ಫೋನು ಮಾಡಿದೆ. ಅಲ್ಲಿನ ಗುಮಾಸ್ತ, “ಫೌಜಿ ಆಜೋಬಾ, ಆ ಮಿಲಿಟರಿ ಅಜ್ಜ ಏನು? ಬೆಳಿಗ್ಗೆ ಈಗಷ್ಟೇ ಬಂದು ನಲ್ಲಿ ನೀರಿನ ವಿಷಯಕ್ಕೆ ನನಗೆ ಬೈದು ಹೋದರು” ಎಂದ. ಆರೋಗ್ಯ ಚೆನ್ನಾಗಿದೆ ಎಂದು ತಿಳಿದುಕೊಂಡೆ.

ಮುಂದಿನ ರವಿವಾರ ಕಾಕು, ತಂಗಿ, ನಾನು ಬಾಡಿಗೆ ಕಾರಿನಲ್ಲಿ ಹೋದೆವು. ದ್ರಾಕ್ಷಿ ಕಟಾವು ನಡೆದಿತ್ತು. ತೋಟದಲ್ಲಿ ಹೆಂಗಸರು ಚಪ್ಪರದ ಕೆಳಗೆ ಬಗ್ಗಿ ಗೊಂಚಲು ಕತ್ತರಿಸಿ ಕ್ರೇಟಿಗೆ ತುಂಬುತ್ತಿದ್ದರು. ಮನೆ ತೋಟದ ಅಂಚಿಗೇ ಇತ್ತು. ಬಿಳಿ ಟೋಪಿ, ಧೋತರ, ನೆಟ್ಟಗಿನ ಬೆನ್ನು. ಎಂಬತ್ತರ ಹತ್ತಿರದ ಮನುಷ್ಯ ಎದ್ದು ನಿಂತು ನಮಸ್ಕಾರ ಮಾಡಿದರು. ನಾನು ಫೋನಿನಲ್ಲಿ ವಿಷಯ ಹೇಳಿದ್ದೆ. ಆದರೂ ಕಾಕುವಿನ ಹಣೆ, ಬಳೆಗಳನ್ನು ನೋಡಿ ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮಾತು ನಡೆದದ್ದು ಮರಾಠಿಯಲ್ಲಿ. ಕಾಕುವಿನ ಮರಾಠಿ ನನ್ನದಕ್ಕಿಂತ ಚೆನ್ನ. ನಾನಿಲ್ಲಿ ನಮ್ಮ ಮಾತಿಗೆ ತಿರುಗಿಸಿದ್ದೇನೆ; ಅವರ ‘ವಹಿನಿ’ಯನ್ನು, ಎಂದರೆ ಅತ್ತಿಗೆಯನ್ನು, ಮಾತ್ರ ಹಾಗೇ ಬಿಟ್ಟಿದ್ದೇನೆ.

“ನೀವ ಏನ್ರಿ ನಮ್ಮ ಮನಿಗೆ ಬಂದವರು?”

“ಹೌದು ವಹಿನಿ. ನಾವಿಬ್ಬರೂ ಒಂದೇ ತೋಪಿನ ಮೇಲಿದ್ದವರು. ಅದಕ್ಕೇ ನನ್ನನ್ನು ಕಳಿಸಿದರು.”

“ಲಿಂಗ ಯಾಕ ತರ್ಲಿಲ್ಲ?”

“ಕೊರಳಲ್ಲಿದ್ದ ಬೆಳ್ಳಿ ಡಬ್ಬಿ ತಾನೇ? ತೆಗೆಯಲಿಲ್ಲ. ಸ್ನಾನಕ್ಕೂ ಅದನ್ನು ತೆಗೆಯದವನ ಮೈಮೇಲಿಂದ ನಾವು ಹೇಗೆ ತೆಗೆಯೋಣ? ಅವನ ಜೊತೆಗೇ ಹೋಯಿತು. ನಿಮ್ಮ ಮಾವನವರಿಗೂ ಇದನ್ನೇ ಹೇಳಿದೆ. ನನ್ನ ಹಿಂದಿ ಅವರಿಗೆ ತಿಳಿಯಿತೋ ಇಲ್ಲವೋ.”

“ನಮ್ಮಲ್ಲಿ ಊಟ ಮಾಡಿದ್ರೇನು?” ಎಂದು ನಾನು ನಡುವೆ ಬಾಯಿ ಹಾಕಿದೆ. ಹವಾಲ್ದಾರನ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ.

“ಮಾಡಿದೆ. ಮಾಡದೆ ಬಿಡಲಿಲ್ಲ ಆ ಮುದುಕರು. ಕಟ್ಟೆಯ ಮೇಲೆ ತಾಟು ಇಟ್ಟರು. ನಾನು ಗಡಿಗೆಯನ್ನು ಎಲ್ಲಿ ಇಡಲಿ? ನೆಲಕ್ಕೆ ಇಡಬಾರದು ಅಂತ ಹುಕುಂ. ಆಗ ಅವರೇ ಕೈಚಾಚಿ ಇಸಿದುಕೊಂಡರು. ನಾನು ಉಂಡು ಕೈ ತೊಳೆಯುವ ತನಕ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು, ಕೂಸನ್ನು ಹಿಡಿದ ಹಾಗೆ, ಎರಡೂ ಕೈಯಿಂದ. ಆಮೇಲೆ ವಾಪಸು ಕೊಟ್ಟು, ಒಯ್ಯಿ ಅಂದರು.”

ತಂಗಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ರೈಲಿನಲ್ಲಿ ಮನ್ಮಾಡ್ ತನಕ ನನ್ನ ತೊಡೆಯ ಮೇಲೆ,” ಎಂದು ಅವರು ಮುಂದುವರಿಸಿದರು. “ಅನುಮತಿ ಬಂದ ಮೇಲೆ ರಾಮಕುಂಡಕ್ಕೆ ಒಯ್ದೆ. ಭಟ್ಟರು ಸಂಬಂಧ ಏನು ಅಂತ ಕೇಳಿದರು. ತಮ್ಮ ಅಂದೆ. ತಲೆ ಬೋಳಿಸಿಕೊಂಡು ಹತ್ತು ದಿನ ಸೂತಕ ಹಿಡಿದೆ. ನಮ್ಮಪ್ಪ ಬೈದ, ಮನೆಯಲ್ಲಿ ಎಲ್ಲರೂ ಗಟ್ಟಿಯಿರುವಾಗ ಇದೆಂಥ ಅಪಶಕುನ ಅಂತ. ಏನು ಮಾಡಲಿ, ಯಾರಾದರೂ ಹಿಡಿಯಬೇಕಲ್ಲ? ಈಗಲೂ ಪಿತೃಪಕ್ಷದಲ್ಲಿ ನಮ್ಮ ಹಿರಿಯರ ಎಡೆಯ ಪಕ್ಕ ಅವನದೊಂದು ಇಡುತ್ತೇನೆ.”

ಕಾಕು ತಲೆ ಎತ್ತಿದರು. ವಕೀಲರು ಪಾಟಿ ಸವಾಲಿಗೆ ಏಳುವ ಹಾಗೆ ಸ್ವಲ್ಪ ಮುಂದೆ ಸರಿದು ಕುಳಿತರು.

“ಎಡಿಗೆ ಏನು ಇಡ್ತೀರಿ? ಅನ್ನಾನೋ? ಅವರಿಗೆ ಅನ್ನ ಸೇರ್ತಿರಲಿಲ್ಲ.”

“ಗೊತ್ತು ವಹಿನಿ.” ಮುದುಕರು ನಕ್ಕರು. “ಮೊದಲನೆಯ ವರ್ಷ ಅನ್ನ ಇಟ್ಟೆ. ನಮ್ಮ ಹಿರಿಯರದನ್ನೆಲ್ಲ ಕಾಗೆ ತಿಂದಿತು, ಅವನದನ್ನು ಮುಟ್ಟಲಿಲ್ಲ. ಮಧ್ಯಾಹ್ನದ ತನಕ ಉಪವಾಸ ಕೂತೆ. ಆಮೇಲೆ ನೆನಪಾಯಿತು, ಅನ್ನ ತಿಂದರೆ ಹೊಟ್ಟೆಯಲ್ಲಿ ಏನೂ ಇಲ್ಲದ ಹಾಗಿರುತ್ತದೆ ಅಂತ ಫೌಜಿನ ಲಂಗರಿನಲ್ಲಿ ಅಡುಗೆಯವನ ಜೊತೆ ದಿನಾ ಜಗಳ ಆಡುತ್ತಿದ್ದ. ಅಲ್ಲೆಲ್ಲಿಂದ ಬರಬೇಕು ಜೋಳದ ಹಿಟ್ಟು? ಎದ್ದು ಜೋಳದ ಭಾಕರಿ, ಅಂದರೆ ನಿಮ್ಮ ರೊಟ್ಟಿ, ಮಾಡಿಸಿದೆ, ಮೇಲೆ ಒಂದಿಷ್ಟು ಖಾರದ ಚಟ್ನಿ ಇಟ್ಟೆ. ತಕ್ಷಣ ಕಾಗೆ ಬಂತು. ಅವತ್ತಿನಿಂದ ಅದೇ. ನನಗೆ ಏನೇನೋ ಬೈಯುತ್ತಿದ್ದ, ಭಾಕರಿ ತಿನ್ನೋ ಊರಿನವನಾಗಿ ಫೌಜಿನ ಅನ್ನ ಹೇಗೆ ತಿಂತೀಯೋ ಅಂತ. ನಿಮ್ಮ ಭಾಷೆಯ ಒಂದೇ ಶಬ್ದ ಕಲಿಸಿದ, ಅದೂ ಬೈಗುಳ. ನಿಮ್ಮೆದುರು ಹೇಳಲಾರೆ.”

“ಹೇಳ್ರಿ.”

“ಬೇಡ ವಹಿನಿ.”

“ಹೇಳ್ರಿ ಅಂದೆ.”

ಮುದುಕರು ಟೋಪಿ ಸರಿಮಾಡಿಕೊಂಡು, ಹಾಜರಿ ಕೂಗುವ ಸ್ವರದಲ್ಲಿ ಕನ್ನಡದಲ್ಲಿ ಹೇಳಿದರು: “ಖೋಡಿ!”

ಕಾಕು ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. “ನನಗೂ ಅದನ್ನ ಅಂತಿದ್ರು,” ಎಂದರು ಮರಾಠಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಮಾತಿನಲ್ಲಿ, “ಖಾತ್ರಿ ಆತು ತಮ್ಮಾ” ಎಂದರು.

ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಸುರುವಾಯಿತು ನನಗೆ ತಿಳಿಯಲಿಲ್ಲ. ನಮ್ಮ ಕಡೆ ಹಿಂದಿನ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುತ್ತಾರೆ. ಅವನು ಮೊದಲ ಸಲ ಬಂದ ದಿನ, ತಂದುಕೊಟ್ಟ ಸೀರೆ, ಹೊಡೆದ ಏಟು, ಬಿಟ್ಟುಹೋದ ಕೂಸು, ಎಲ್ಲವನ್ನೂ ಹೆಸರಿಟ್ಟು ಕರೆದು ಲೆಕ್ಕ ಕೇಳುವ ಅಳು ಅದು. ಎಲ್ಲಿ ಕಲಿತರೋ, ಯಾವಾಗ ಜೋಡಿಸಿಟ್ಟುಕೊಂಡಿದ್ದರೋ, ಕಾಕು ಅಪರಿಚಿತರ ಅಂಗಳದಲ್ಲಿ ಕುಳಿತು ಎದೆ ಬಡಿದುಕೊಂಡು ಶುದ್ಧ ಬೀದರಿನ ಮಾತಿನಲ್ಲಿ ಹಾಡತೊಡಗಿದರು. ನಾನು ಅವರ ಹೃದಯದ ಬಗ್ಗೆ ಡಾಕ್ಟರು ಹೇಳಿದ್ದನ್ನು ನೆನೆದು ಏಳಹೋದೆ. ಮುದುಕರು ನನ್ನ ಕೈ ಹಿಡಿದು ಕೂರಿಸಿದರು. ತಮ್ಮ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

ಸ್ವರ ತೋಟಕ್ಕೆ ಕೇಳಿಸಿತು. ದ್ರಾಕ್ಷಿ ಕತ್ತರಿಸುತ್ತಿದ್ದ ಹೆಂಗಸರು ಕತ್ತರಿಗಳನ್ನು ಕ್ರೇಟಿನಲ್ಲಿಟ್ಟು, ಕೈ ಒರೆಸಿಕೊಂಡು, ಒಬ್ಬೊಬ್ಬರಾಗಿ ಬಂದರು. ಭಾಷೆ ತಿಳಿಯದಿದ್ದರೂ ಆ ರಾಗ ತಿಳಿಯದ ಊರಿಲ್ಲ. ಯಾರೂ ಏನೂ ಕೇಳದೆ ಕಾಕುವಿನ ಸುತ್ತ ಕುಳಿತರು. ಒಬ್ಬಳು ಬೆನ್ನಿಗೆ ಕೈ ಇಟ್ಟಳು.

ಅವರಲ್ಲಿ ಹಿರಿಯಳೊಬ್ಬಳು ನನ್ನ ತಂಗಿಯ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು: “ಕೋಣ ಹೋತೇ?” ಯಾರಾಗಬೇಕು?

“ಮಾಝೇ ವಡೀಲ್,” ಎಂದಳು ತಂಗಿ. ನನ್ನ ತಂದೆ. ಆ ಶಬ್ದವನ್ನು ಅವಳು ಹಾಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಕಧೀ ಗೇಲೇ?” ಯಾವಾಗ ಹೋದರು?

ತಂಗಿ ನನ್ನ ಕಡೆ ನೋಡಿದಳು. ತಾರೀಖು ನನ್ನ ಚೀಲದಲ್ಲಿತ್ತು, ಎರಡನೆಯ ಹಾಳೆಯಲ್ಲಿ, ನಾಲ್ಕನೆಯ ಸಾಲಿನಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅವಳು ತಾಯಿಯ ಕಡೆ ತಿರುಗಿ ಹೇಳಿದಳು: “ಆತ್ತಾಚ್.” ಈಗಷ್ಟೇ.

ಆ ಹೆಂಗಸು ತಲೆಯಾಡಿಸಿ, ನೀರು ತರಲು ಒಳಗೆ ಹೋದಳು.